ಕೋಚಿಂಗ್ ಲಿಸ್ಟಿನ್ಯಾಗ ಹೆಸರು ಬಂದ್ರ ನೌಕರಿ ಹೋಗೂದಿಲ್ರಿ

"ಸರ, ನಮ್ಮ ಕಂಪ್ನ್ಯಾಗ ಈ ತಿಂಗಳಿಂದ ಕೋಚಿಂಗ್ ಚಾಲೂ ಮಾಡ್ಯಾರ, ಹೊರಗಿಂದ ಒಬ್ಬರು ಬರ್ತಾರಂತ, ಹನ್ನೆರಡು ಮಂದಿ ಲಿಸ್ಟಿನ್ಯಾಗ ನನ್ನ ಹೆಸರೂ ಐತಿ. ಹದಿನಾಲ್ಕು ವರ್ಷ ಒಂದ್ ಮೆಮೋ ತಗೊಳ್ದ ದುಡದೀನಿ. ನನ್ನಾಗ ಏನ್ ಕಮ್ಮಿ ಕಂಡ್ರು ಇವ್ರು? ಹೋಗ್ಲೋ, ರಜಾ ಹಾಕಿ ತಪ್ಪಿಸ್ಕೊಳ್ಲೋ?"

ಹೋಗ್ರಿ. ರಜಾ ಹಾಕಬ್ಯಾಡ್ರಿ. ಉತ್ತರ ಇಷ್ಟ ಐತಿ, ಆದ್ರ ಇಷ್ಟ ಹೇಳಿ ಬಿಟ್ರ ನೀವು ನಂಬೂದಿಲ್ಲಂತ ನನಗ ಗೊತ್ತೈತಿ, ಯಾಕಂದ್ರ ಕಂಪ್ನಿಗಳಿಗೆ ಹೋಗಿ ಕೋಚಿಂಗ್ ಮಾಡೋ ನನಗ ಇದ ಪ್ರಶ್ನೆ ತಾರಿಹಾಳದ ಫ್ಯಾಕ್ಟರಿಯವರು ಕೇಳ್ಯಾರ, ಗೋಕುಲ ರೋಡಿನ ಶೋರೂಮಿನವರು ಕೇಳ್ಯಾರ, ಬ್ಯಾಂಕಿನವರು, ದವಾಖಾನಿ ಸಿಸ್ಟರ್‌ಗಳು, ಎಲ್ಲಾರೂ ಕೇಳ್ಯಾರ, ಎಲ್ಲಾರಿಗೂ ಹೇಳಿ ಹೇಳಿ ಸಾಕಾಗೇತಿ, ಮರುದಿನ ಅವರ ಬಾಜೂಕ ಕುಂತವರು ಬಂದು ಮತ್ತ ಅದನ್ನ ಕೇಳ್ತಾರ. ಅದಕ್ಕ ಈ ಸಲ ಬುಡದಿಂದ ಬರೀತೀನಿ. ಆಫೀಸಿನ ಕೋಚಿಂಗ್ ಅಂದ್ರ ಒಬ್ಬರ ಮುಂದ ಕುಂತು ಪ್ರಶ್ನೆ ಕೇಳಿ, ಅವರ ಕೆಲಸದ ತೊಡಕಿಗೆ ಅವರ ದಾರಿ ಹುಡುಕೋಹಂಗ ಮಾಡೋದು.

ಮಂದಿ ತಲ್ಯಾಗ ಕುಂತಿದ್ದು ಹಿಂಗೈತಿ: ಯಾರಲ್ಲಿ ಕೊರತಿ ಐತೋ ಅವರಿಗೆ ಕೋಚಿಂಗ್, ಕೋಚಿಂಗಿಗೂ ಸುಧಾರಿಸಲಿಲ್ಲಂದ್ರ ಮೆಮೋ, ಮೆಮೋ ಆದಮ್ಯಾಲೆ ಮನಿ. ಇದು ಎಲ್ಲಿಂದ ಬಂತು? ನಮ್ಮ ಊರಿಂದನ ಬಂತು. ಧಾರವಾಡದಾಗ ಕೋಚಿಂಗ್ ಅಂದ್ರ ಕೋಚಿಂಗ್ ಕ್ಲಾಸು ತುಂಬಿದ ಸಪ್ತಾಪುರ ಬಡಾವಣಿ, ಮುಗೀತು. ಹುಡುಗ ಗಣಿತದಾಗ ಕಮ್ಮಿ ತಗದಾ ಅಂದ್ರ ಮಾಸ್ತರ ಕಡೆ ಟ್ಯೂಷನ್ ಹಚ್ಚೋದು, ಪರೀಕ್ಷಾ ಪಾಸಾಗಲಿಲ್ಲಂದ್ರ ಕೋಚಿಂಗ್ ಹಚ್ಚೋದು, ಹಿಂಗ ಸಣ್ಣಂದಿನಿಂದ ನೋಡಿದ ಮಂದಿಗೆ ಆಫೀಸಿನ್ಯಾಗ ಆ ಶಬ್ದ ಕೇಳಿದ ಕೂಡ್ಲೆ ಹೊಟ್ಟಿ ಧಸಕ್ ಅನ್ನೋದು ಸಹಜ. ಆದ್ರ ಸಪ್ತಾಪುರದಾಗ ಒಂದ ದಿನ ಸಂಜೀಕ ನಿಂತು ನೋಡ್ರಿ. ಬೀದರ, ರಾಯಚೂರ, ಕೊಪ್ಪಳದಿಂದ ಬಂದು, ಸಣ್ಣ ರೂಮಿನ್ಯಾಗ ನಾಕ್ ಮಂದಿ ಇದ್ಕೊಂಡು, ಲೈಬ್ರರಿಯೊಳಗ ದಿನಾ ಹತ್ತ ತಾಸು ಕುಂತು ಕೆಎಎಸ್, ಪಿಎಸ್ಐ ಅಂತ ಓದೋ ಆ ಹುಡುಗ್ರೊಳಗ ದಡ್ಡ ಯಾರದಾರ? ಅವರ ಊರಾಗ ಅವರ ಶಾಣ್ಯಾರು. ಅಂದ್ರ ನಮ್ಮ ಸ್ವಂತ ಊರಿನ ಕೋಚಿಂಗಿಗೂ ಈ ಮಾತು ಹೊಂದೂದಿಲ್ಲ.

ಇನ್ನ ಹುಬ್ಬಳ್ಳಿಯವರಿಗೆ ಕೋಚ್ ಅಂದ್ರ ರೈಲ್ವೆ ಬೋಗಿ. ಎರಡೂ ಒಂದ ಶಬ್ದ ಅಂತ ಭಾಳ ಮಂದಿಗೆ ಗೊತ್ತಿಲ್ಲ. ಹಂಗೇರಿ ದೇಶದಾಗ ಕೋಚ್ ಅಂತ ಒಂದು ಹಳ್ಳಿ ಐತಿ, ಅಲ್ಲಿ ಚಲೋ ಸಾರೋಟು ಮಾಡ್ತಿದ್ರು, ಆ ಹಳ್ಳಿ ಹೆಸರ ಬಂಡಿಗೆ ಬಂತು, ಆಮ್ಯಾಲೆ 1830ರ ಸುಮಾರಿಗೆ ಆಕ್ಸ್‌ಫರ್ಡಿನ ಹುಡುಗ್ರು ತಮಗ ಪಾಠ ಹೇಳಿ ಪರೀಕ್ಷಾ ದಾಟಿಸೋ ಮಾಸ್ತರಗ ಕೋಚ್ ಅನ್ನಾಕ ಶುರು ಮಾಡಿದ್ರು, ಕುಂದರಿಸ್ಕೊಂಡು ಊರು ಮುಟ್ಟಿಸ್ತಾನ ಅನ್ನೋ ಅರ್ಥದಾಗ. ಎಲ್ಲಿಗೆ ಹೋಗಬೇಕನ್ನೋದು ಒಳಗ ಕುಂತವಗ ಗೊತ್ತಿರಬೇಕು, ಬಂಡಿ ಅದನ್ನ ಹೇಳೂದಿಲ್ಲ. ಆಫೀಸಿನ ಕೋಚಿಂಗಿಗೆ ಇದಕ್ಕಿಂತ ಚಲೋ ಅರ್ಥ ನನಗ ಇನ್ನೂ ಸಿಕ್ಕಿಲ್ಲ.

ಬೋಗಿ ಮಾತು ಬಂತು, ಅದನ್ನ ಇನ್ನೊಂದೀಟು ನೋಡೋಣ. ನಮ್ಮ ಗದಗ ರೋಡಿನ ರೈಲ್ವೆ ವರ್ಕ್‌ಶಾಪಿಗೆ ಬೋಗಿ ಬರ್ತಾವಲ್ಲ, ಅವೇನು ಎಲ್ಲಾ ಕೆಟ್ಟು ನಿಂತು ಬಂದಾವೇನ್ರಿ? ಓಡಾಡೋ ಬೋಗಿನ ಅವು. ಪಿಓಎಚ್ ಅಂತಾರ, ಅವಧಿಗೊಮ್ಮೆ ಮಾಡೋ ಪೂರ್ತಿ ತಪಾಸಣಿ ರಿಪೇರಿ, ಅವಧಿ ಬಂತಂದ್ರ ಬರಬೇಕು, ಒಳಗ ಎತ್ತಿ ಗಾಲಿ ಬ್ಯಾರೆ ಮಾಡಿ, ಬ್ರೇಕ್ ಬಿಚ್ಚಿ ನೋಡಿ, ಬಣ್ಣ ಹಚ್ಚಿ ಕಳಸ್ತಾರ. ಮುಂದಿನ ಸಲ ಸ್ಟೇಷನ್ನಿನ್ಯಾಗ ನಿಂತಾಗ ಬೋಗಿ ತುದಿ ಗೋಡಿ ನೋಡ್ರಿ, ಪಿಓಎಚ್ ಯಾವಾಗ ಆಗೇತಿ, ಮತ್ತ ಯಾವಾಗ ಹೋಗಬೇಕು ಅಂತ ಪೇಂಟಿನ್ಯಾಗ ತಾರೀಖು ಬರದಿರ್ತಾರ. ಆ ತಾರೀಖು ನೋಡಿ "ಅಯ್ಯ, ಈ ಬೋಗಿ ವೀಕ್ ಐತಿ, ಹತ್ತೂದು ಬ್ಯಾಡ" ಅಂತ ಯಾರರ ಅಂದಾರೇನು? ಅದು ಇರೋದಕ್ಕ ನಾವು ಧೈರ್ಯಲೆ ಹತ್ತತೀವಿ. ಹದಿನಾಲ್ಕು ವರ್ಷ ಒಂದ ಲೈನ್ ಮ್ಯಾಲೆ ಓಡಿದ ಮನಷ್ಯಾಗ ಎರಡು ತಿಂಗಳಿಗೆ ಆರ್ ತಾಸು ಯಾರರ ಕುಂತು ಕೇಳಿದ್ರ ಅದು ಅವಮಾನ ಹೆಂಗಾಕ್ಕೈತಿ?

ಆದ್ರ ಈ ನಂಬಿಕಿ ಹುಟ್ಟಾಕ ಕಂಪ್ನಿಗಳದ್ದೂ ತಪ್ಪೈತಿ, ಇದನ್ನ ಮುಚ್ಚಿಡೂದಿಲ್ಲ. ನಾ ಮೊದಲ ಎಚ್ಆರ್, ಅಂದ್ರ ಸಿಬ್ಬಂದಿ ವಿಭಾಗದ, ಕೆಲಸ ಮಾಡ್ತಿದ್ದ ಒಂದ್ ಕಡೆ ಟಾರ್ಗೆಟ್ ಮುಟ್ಟದವರಿಗೆ ವಾರ್ನಿಂಗ್ ಲೆಟರೂ ಕೋಚಿಂಗ್ ಲೆಟರೂ ಒಂದ ಲಕೋಟಿಯೊಳಗ ಕೊಟ್ರು. ನಾನ ಹಂಚಿದೆ. ಒಬ್ಬ ಅಣ್ಣಾರು ಲಕೋಟಿ ಒಡದು ಎರಡೂ ಓದಿ, ಏನೂ ಮಾತಾಡದ ಟಿಫಿನ್ ಡಬ್ಬಿ ಮುಚ್ಚಿ ಒಳಗಿಟ್ರು, ಅವತ್ತ ಉಣ್ಣಲಿಲ್ಲ. ಅಲ್ಲಿಂದ ಮೂರು ವರ್ಷ ಆ ಕಂಪ್ನ್ಯಾಗ ಕೋಚಿಂಗ್ ಅನ್ನೋ ಶಬ್ದ ಎತ್ತಾಕ ಆಗಲಿಲ್ಲ. ಶಿಸ್ತು ಕ್ರಮದ ಕಾಗದ ಬ್ಯಾರೆ, ಕೋಚಿಂಗ್ ಬ್ಯಾರೆ, ಎರಡನ್ನೂ ಒಬ್ಬರ ಕೈಯಾಗ ಒಂದ ದಿನ ಕೊಡಬಾರದು. ನಿಮಗ ಬಂದದ್ದು ಬರೇ ಕೋಚಿಂಗ್ ಲೆಟರ್ ಆಗಿದ್ರ, ಜೋಡಿ ಮೆಮೋ ಇಲ್ಲಂದ್ರ, ಲಿಸ್ಟಿನ್ಯಾಗ ನಿಮ್ಮಕಿಂತ ಮ್ಯಾಲಿನವರ ಹೆಸರೂ ಇದ್ರ, ಆರಾಮಾಗಿ ಹೋಗ್ರಿ. ಮನಿಗೆ ಕಳಸಬೇಕಂತ ಇದ್ದವನ ಮ್ಯಾಲೆ ಸಾಧಾರಣ ಯಾವ ಕಂಪ್ನಿನೂ ರೊಕ್ಕಾ ಹಾಕೂದಿಲ್ರಿ. ಉಳಿಸ್ಕೋಬೇಕು ಅನ್ನೋವರಿಗೆ ಹಾಕ್ತಾರ.

ಒಳಗ ಏನ್ ನಡೀತೈತಿ ಅಂತ ಕೇಳ್ತೀರಿ. ಭಾಷಣ ಇಲ್ಲ, ಬೋರ್ಡ್ ಇಲ್ಲ. ಒಂದ್ ಫ್ಯಾಕ್ಟರಿಯ ಸೂಪರ್ವೈಸರ್ ಒಬ್ರು ನನ್ನ ಮುಂದ ಕುಂತು ಮೊದಲನೇ ದಿನ ಹೇಳಿದ್ದು ಒಂದ ಮಾತು, "ಮನಿಗೆ ಹೋದ್ರೂ ಮನ್ಯಾಗ ಇರೂದಿಲ್ರಿ ಸರ ನಾ". ಫೋನ್. ಉಣ್ಣಾಕ ಕುಂತ್ರ ಫೋನ್, ಮಗಳ ಜೋಡಿ ಹೋಮ್‌ವರ್ಕಿಗೆ ಕುಂತ್ರ ಫೋನ್. ನಾನು ಉಪದೇಶ ಮಾಡಲಿಲ್ಲ, "ಅಣ್ಣಾರ, ಒಂದ್ ವಾರ ಯಾವಾಗ ಫೋನ್ ಬಂತು, ಯಾತಕ್ಕ ಬಂತು, ಅಷ್ಟ ಬರಕೊಂಡು ಬರ್ರಿ" ಅಂದೆ. ಮಗಳ ಹಳೇ ನೋಟಬುಕ್ಕಿನ ಹಿಂದಿನ ಹಾಳಿಯೊಳಗ ಬರಕೊಂಡು ಬಂದ್ರು, ಹದಿನೇಳು ಫೋನ್. ಓದಿಕೋಂತ ಹೋದವರು ಅರ್ಧಕ್ಕ ನಿಂತು ತಾವ ಬೆರಳಿಟ್ಟು ಎಣಿಸಿದ್ರು: ಹನ್ನೊಂದು ಫೋನ್ ಒಂದ ವಿಷಯಕ್ಕ, ಯಾವ ಮಶೀನಿನ ಸೆಟ್ಟಿಂಗ್ ಬದಲ್ ಆಗೇತಿ ಅಂತ. ಇವರು ಎರಡು ಗಂಟೆಕ್ಕ ಹೊರಗ ಬೀಳ್ತಿದ್ರು, ಸೆಕೆಂಡ್ ಶಿಫ್ಟಿನವ ಎರಡು ಗಂಟೆಕ್ಕ ಒಳಗ ಬರ್ತಿದ್ದ, ಗೇಟಿನ್ಯಾಗ ಕೈ ಎತ್ತಿ ನಮಸ್ಕಾರ, ಅಷ್ಟ. "ಅವಾ ಹದಿನೈದು ನಿಮಿಷ ಮೊದಲ ಬಂದ್ರ ಲೈನ್ ಗುಂಟ ಇಬ್ರೂ ಒಮ್ಮೆ ಅಡ್ಡಾಡಬಹುದಲ್ರಿ" ಅಂತ ಅವರ ಅಂದ್ರು. ನನಗ ಆ ಮಶೀನೂ ಗೊತ್ತಿಲ್ಲ, ಸೆಟ್ಟಿಂಗೂ ಗೊತ್ತಿಲ್ಲ, ನಾ ಹೆಂಗ ಹೇಳ್ಲಿ? ಅವರ ಮ್ಯಾನೇಜರ್ ಜೋಡಿ ಮಾತಾಡಿ, ಆ ಹದಿನೈದು ನಿಮಿಷ ಡ್ಯೂಟಿಯೊಳಗ ಹಿಡಿಸಿ, ರಜಿಸ್ಟರಿನ್ಯಾಗ ಮೂರು ಸಾಲು ಬರಿಯೋದು ಚಾಲೂ ಮಾಡಿದ್ರು. ಮುಂದಿನ ತಿಂಗಳು ವಾರಕ್ಕ ಎರಡು ಫೋನ್.

ಇದನ್ನ ಹೇಳೋವಾಗ ನನಗ ಇವತ್ತಿಗೂ ಹೆಮ್ಮಿ ಅನಸ್ತೈತಿ. ಬ್ರಿಟನ್ನಿನ ಕೋಚ್ ಜಾನ್ ವಿಟ್ಮೋರ್ ಮತ್ತ ಅವರ ಜೋಡಿಯವರು 1980ರ ದಶಕದಾಗ ಗ್ರೋ ಅಂತ ಒಂದು ಪದ್ಧತಿ ಮಾಡಿದ್ರು: ಏನ್ ಬೇಕು, ಈಗ ಏನೈತಿ, ಏನೇನ್ ದಾರಿ ಅದಾವು, ಯಾವುದನ್ನ ಮಾಡ್ತಿ. ಭಾಳಷ್ಟು ಕೋಚಿಂಗ್ ಕೋರ್ಸಿನ್ಯಾಗ ಇದನ್ನ ಕಲಸ್ತಾರ. ಆ ನಾಕೂ ಪ್ರಶ್ನೆ ಆ ನೋಟಬುಕ್ಕಿನ ಹಾಳಿಯೊಳಗ ಅದಾವು ನೋಡ್ರಿ.

ಎಚ್ಆರ್‌ಗೆ ಎಲ್ಲಾ ಹೋಗಿ ಮುಟ್ಟತೈತೇನು? ಮುಟ್ಟಬಾರದು. ಎಷ್ಟು ಸಲ ಬಂದ್ರು, ಯಾವ ಗುರಿ ಇಟ್ಕೊಂಡಾರ, ಅದೂ ನಿಮ್ಮ ಒಪ್ಪಿಗಿಲೆ, ಅಷ್ಟ ಹೋಗಬೇಕು. ಜೀವಕ್ಕ ಅಪಾಯ ಇದ್ರ ಅಥವಾ ಕಾನೂನಿನ ಮಾತಿದ್ರ ಮಾತ್ರ ಬ್ಯಾರೆ. ಮೊದಲನೇ ದಿನ ಇದನ್ನ ಬಾಯಿಬಿಟ್ಟು ಕೇಳ್ರಿ, ಉತ್ತರ ನೆಟ್ಟಗ ಬರಲಿಲ್ಲಂದ್ರ ಮನಿ ವಿಷಯ ಅವರ ಮುಂದ ತಗೀಬ್ಯಾಡ್ರಿ.

ಮತ್ತ ಕೋಚಿಂಗ್ ಔಷಧ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಬರ್ನ್‌ಔಟ್ ಬಗ್ಗೆ ಹೇಳಿದ್ದು ನೆನಪಿಟ್ಕೋಬೇಕು: ಮೈಯಾಗ ಕಸುವು ಉಳಿಯೂದಿಲ್ಲ, ಕೆಲಸ ಅಂದ್ರ ಮನಸ್ಸು ದೂರ ಹೋಗ್ತೈತಿ, ಮಾಡಿದ್ದು ಕೈಗೆ ಹತ್ತೂದಿಲ್ಲ, ಈ ಮೂರೂ ಸೇರಿದ ಸ್ಥಿತಿ ಅದು, ರೋಗ ಅಂತ ಅವರು ಹೇಳಿಲ್ಲ, ಕೆಲಸದ ಜಾಗಾದಾಗ ಭಾಳ ದಿನ ಸರಿಯಾಗಿ ನಿಭಾಯಿಸದ ಉಳದ ಒತ್ತಡದಿಂದ ಬರ್ತೈತಿ ಅಂತ ಹೇಳ್ಯಾರ. ಕೆಲಸದ ಜಾಗಾದಾಗ ಅನ್ನೋ ಮಾತು ಮಾಲಕರು ಎರಡು ಸಲ ಓದಬೇಕು. ಮೂರು ಮಂದಿ ಕೆಲಸ ಒಬ್ಬನ ಹೆಗಲ ಮ್ಯಾಲೆ ಇಟ್ಟು, ಅವನ್ನ ಕೋಚ್ ಕಡೆ ಕಳಿಸಿ "ಸ್ಟ್ರೆಸ್ ಕಮ್ಮಿ ಮಾಡಿ ಕಳಸ್ರಿ" ಅಂದ್ರ ನಾ ಏನ್ ಮಾಡ್ಲಿ? ಹಂಗ ಕೇಳಿದವರಿಗೆ ಇನ್ನಿಬ್ರನ್ನ ತಗೋರಿ ಅಂತ ಹೇಳಿ ಕಳಿಸೀನಿ. ಇನ್ನ ವಾರಗಟ್ಟಲೆ ನಿದ್ದಿ ಇಲ್ಲ, ಊಟ ಸೇರೂದಿಲ್ಲ, ಬದುಕು ಬ್ಯಾಡ ಅನಸಾಕತ್ತೈತಿ ಅಂದ್ರ ಕೋಚ್ ಕಡೆ ಬರಬ್ಯಾಡ್ರಿ, ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರಿ ಡಿಮ್ಹಾನ್ಸಿಗೆ ಹೋಗ್ರಿ, ಇಲ್ಲಾಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, 2022ರಿಂದ ಐತಿ, ಪುಕ್ಕಟೆ, ಕನ್ನಡದಾಗ ಮಾತಾಡ್ತಾರ, ರಾತ್ರಿನೂ ಎತ್ತತಾರ.

ಇದೆಲ್ಲಾ ದೊಡ್ಡ ಕಂಪ್ನಿ ಮಾತಾತು. ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರ ನಮ್ಮ ಕಡೆ ಹೆಚ್ಚಿನ ಮಂದಿ ದುಡಿಯೋದು ಎಚ್ಆರ್ ಇಲ್ಲದ ಜಾಗಾದಾಗ. ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿ, ಹಾವೇರಿ ಆಟೋಮೊಬೈಲ್ ಅಂಗಡಿ, ಗದಗಿನ ಪ್ರಿಂಟಿಂಗ್ ಪ್ರೆಸ್, ಎಂಟ್ ಹತ್ತು ಮಂದಿ ಇರ್ತಾರ, ಅಲ್ಲಿಗೆ ಯಾವ ಕೋಚ್ ಬರಬೇಕು? ಮಾಲಕನ ಬರಬೇಕು. ಗದಗಿನ ಒಬ್ಬ ಪ್ರೆಸ್ಸಿನ ಸಾಹುಕಾರ್ರಿಗೆ ನಾ ಹೇಳಿದ್ದು ಇಷ್ಟ: ಶನಿವಾರ ಪಗಾರ ಕೊಡುವಾಗ ಒಬ್ಬೊಬ್ಬರನ್ನ ಕುಂದರಿಸಿ "ಈ ವಾರ ನಿನಗ ಭಾಳ ಕಾಡಿದ ಕೆಲಸ ಯಾವುದೋ ತಮ್ಮಾ" ಅಂತ ಕೇಳ್ರಿ, ಅವಾ ಹೇಳಿ ಮುಗಿಸೋ ತನಕ ನೀವು ಬಾಯಿ ತಗೀಬ್ಯಾಡ್ರಿ, ಹೇಳಿದ್ದನ್ನ ಅವನ ತಪ್ಪು ಅಂತ ಸೋಮವಾರ ಎತ್ತಬ್ಯಾಡ್ರಿ.

ಮೊದಲ ಮೂರು ಶನಿವಾರ ಎಲ್ಲಾರೂ "ಏನೂ ಇಲ್ರಿ ಸಾಹುಕಾರ್ರ, ಆರಾಮ್ ಐತಿ" ಅಂದ್ರಂತ. ಸಾಹುಕಾರ್ರು ಫೋನ್ ಹಚ್ಚಿ ಇದು ನಮ್ಮಲ್ಲಿ ಆಗೂದಿಲ್ಲ ಬಿಡ್ರಿ ಅಂದ್ರು, ಇನ್ನೊಂದು ನಾಕ್ ವಾರ ತಡೀರಿ ಅಂದೆ. ಐದನೇ ಶನಿವಾರ ಕಟಿಂಗ್ ಮಶೀನಿನ ಹುಡುಗ ಬಾಯಿಬಿಟ್ಟ: ಮಶೀನಿನ ಮ್ಯಾಲಿನ ಟ್ಯೂಬ್‌ಲೈಟ್ ಒಂದೂವರೆ ವರ್ಷದಿಂದ ಮಿಣಕ್ ಮಿಣಕ್ ಅಂತೈತಿ, ಬ್ಲೇಡ್ ಕೆಳಗ ಕಾಗದದ ಅಂಚು ನೋಡಿ ನೋಡಿ ಸಂಜಿ ಅಂದ್ರ ತಲಿ ಒಡದಂಗ ಆಕ್ಕೈತಿ, ಮನಿಗೆ ಹೋಗಿ ಹುಡುಗ್ರ ಮ್ಯಾಲೆ ರೇಗ್ತೀನಿ ಅಂದ. ಮೊದಲ ಯಾಕ ಹೇಳಲಿಲ್ಲೋ ಅಂದ್ರ "ಯಾರೂ ಕೇಳಲಿಲ್ರಿ" ಅಂದನಂತ. ಸಾಹುಕಾರ್ರು ಅವತ್ತ ಅಂಗಡಿ ಮುಚ್ಚೂಕಿಂತ ಮೊದಲ ತಾವ ಸ್ಟೂಲ್ ಹತ್ತಿ ಲೈಟ್ ಬದಲ್ ಮಾಡಿದ್ರು, ಆ ಹುಡುಗ ಕೆಳಗ ಸ್ಟೂಲ್ ಹಿಡ್ಕೊಂಡು ನಿಂತಿದ್ದ.