ಎಲ್‌ಇಡಿ ಬದಲಿಸಿದ ಟಾರ್ಚ್ ನೀಲಿಗೆ ತಿರುಗುವುದೇಕೆ?

ಪ್ರಶ್ನೆ: ಎಸ್.ಪಿ. ರೋಡ್‌ನಲ್ಲಿ ಕೊಂಡ 18650 ಸೆಲ್ಲಿನ (ರೀಚಾರ್ಜ್ ಮಾಡುವ ಲಿಥಿಯಂ ಸೆಲ್) ಟಾರ್ಚಿಗೆ ಕ್ರೀ ಕಂಪನಿಯ ಎಕ್ಸ್‌ಎಂ-ಎಲ್2 ಎಲ್‌ಇಡಿ ಹಾಕಿದ್ದೇನೆ. ಡ್ರೈವರ್ (ಎಲ್‌ಇಡಿಗೆ ಕರೆಂಟ್ ಕೊಡುವ ಸರ್ಕ್ಯೂಟ್) 3 ಆಂಪಿಯರಿನದು. ಆನ್ ಮಾಡಿದಾಗ ಬೆಳ್ಳಗೆ ಉರಿಯುತ್ತದೆ, 15–20 ಸೆಕೆಂಡಿಗೆ ನೀಲಿಗೆ ತಿರುಗಿ ಮಂಕಾಗುತ್ತದೆ. ಟಾರ್ಚ್ ಮಾತ್ರ ತಣ್ಣಗೇ ಇದೆ, ಹಾಗಾಗಿ ಬಿಸಿಯ ತೊಂದರೆ ಅಲ್ಲ ಅನ್ನಿಸುತ್ತದೆ. ಎಲ್‌ಇಡಿ ನಕಲಿಯೇ?
– ಓದುಗರು, ಬನಶಂಕರಿ

ಉತ್ತರ: ನಕಲಿ ಇರಲಾರದು. ತೊಂದರೆ ಬಿಸಿಯದ್ದೇ, ಟಾರ್ಚ್ ತಣ್ಣಗಿರುವುದೇ ಅದರ ಗುರುತು. ಫುಲ್‌ನಲ್ಲಿ ಉರಿಯುವ ಟಾರ್ಚಿನ ಬಿಸಿ ಕೆಲವು ನಿಮಿಷಗಳಲ್ಲಿ ಕೈಗೆ ತಾಗಲೇಬೇಕು. ತಾಗದಿದ್ದರೆ ಅದು ಎಲ್‌ಇಡಿಯ ಬುಡದಲ್ಲೇ ಕೂತಿದೆ.

ಲೆಕ್ಕ ಹಾಕಿ ನೋಡೋಣ. ಎಕ್ಸ್‌ಎಂ-ಎಲ್2 ತಾಳುವುದೇ 3 ಆಂಪಿಯರ್. ಅಷ್ಟು ಕರೆಂಟಿನಲ್ಲಿ ಅದು ಎಳೆಯುವುದು ಸುಮಾರು 10 ವ್ಯಾಟ್. ಮೂರನೇ ಒಂದು ಪಾಲಿನಷ್ಟು ಬೆಳಕಾದರೆ ಉಳಿದ 6–7 ವ್ಯಾಟ್ ಬರೀ ಶಾಖ. ಎಲ್‌ಇಡಿ ಕೂರುವ 16 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ತಾಮ್ರದ ತಟ್ಟೆ, ಅಂದರೆ ಸ್ಟಾರ್, ಮೂರು ಗ್ರಾಂ ಕೂಡ ತೂಗುವುದಿಲ್ಲ. ಒಂದು ಜೂಲ್ ಶಾಖ ಬಿದ್ದರೆ ಅದು ಒಂದು ಡಿಗ್ರಿ ಕಾಯುತ್ತದೆ; ಒಂದು ವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್. ಶಾಖಕ್ಕೆ ಹೊರದಾರಿ ಇಲ್ಲದಿದ್ದರೆ ಸೆಕೆಂಡಿಗೆ 6–7 ಡಿಗ್ರಿ, 15 ಸೆಕೆಂಡಿಗೆ ನೂರು ಡಿಗ್ರಿ. ಕೋಣೆಯ 28 ಡಿಗ್ರಿ, ಎಲ್‌ಇಡಿಯೊಳಗಿನ ಇನ್ನೊಂದಿಷ್ಟು ಸೇರಿಸಿ. ಚಿಪ್ಪಿನ ಮಿತಿಯಾದ 150 ಡಿಗ್ರಿ ಬಂದೇಬಿಟ್ಟಿತು. ನಿಮ್ಮ 15–20 ಸೆಕೆಂಡಿಗೆ ಇದು ತಾಳೆಯಾಗುತ್ತದೆ.

ನೀಲಿ ಯಾಕೆ? ಬಿಳಿ ಎಲ್‌ಇಡಿಯ ಒಳಗಿರುವ ಚಿಪ್ ಹೊಮ್ಮಿಸುವುದು ನೀಲಿ ಬೆಳಕನ್ನೇ. ಮೇಲಿನ ಫಾಸ್ಫರ್ ಲೇಪ ಅದರಲ್ಲೊಂದು ಪಾಲನ್ನು ಹಳದಿ ಮಾಡುತ್ತದೆ, ಎರಡೂ ಬೆರೆತು ಬಿಳಿ ಕಾಣುತ್ತದೆ. ಮಿತಿಮೀರಿ ಕಾದಾಗ ಫಾಸ್ಫರ್ ಕೈಕೊಡುತ್ತದೆ, ನೀಲಿ ಹಾಗೇ ಹೊರಬೀಳುತ್ತದೆ. ಸೆಲ್ ದುರ್ಬಲವಾಗಿದ್ದರೆ ಬೆಳಕು ಮಂಕಾಗುತ್ತದೆಯೇ ಹೊರತು ನೀಲಿಯಾಗುವುದಿಲ್ಲ.

ತಪ್ಪು ಎಲ್ಲಿದೆ ಎಂಬುದನ್ನು ಗಡಿಯಾರವೇ ಹೇಳುತ್ತದೆ. ಒಂದೆರಡು ಸೆಕೆಂಡಿನಲ್ಲೇ ನೀಲಿಯಾದರೆ ಎಲ್‌ಇಡಿಗೂ ಸ್ಟಾರಿಗೂ ನಡುವಿನ ಬೆಸುಗೆ ಸರಿಯಿಲ್ಲ. ಎಲ್‌ಇಡಿಯ ಅಡಿಯಲ್ಲಿ ಬೆಸುಗೆ ಹಿಡಿಯುವ ಮೂರು ಲೋಹದ ಪ್ಯಾಡ್‌ಗಳಿವೆ; ಅಕ್ಕಪಕ್ಕದ ಎರಡು ಅಂಟಿದ್ದರೆ ಸಾಕು, ಎಲ್‌ಇಡಿ ಉರಿಯುತ್ತದೆ. ಆದರೆ ಶಾಖ ಇಳಿಯುವುದು ನಡುವಿನ ದೊಡ್ಡ ಪ್ಯಾಡಿನಿಂದ. 15–20 ಸೆಕೆಂಡ್ ತೆಗೆದುಕೊಂಡರೆ ಸ್ಟಾರಿನವರೆಗೆ ಶಾಖ ಬಂದಿದೆ, ಅಲ್ಲಿಂದ ಟಾರ್ಚಿನ ಮೈಗೆ ದಾಟಿಲ್ಲ. ನಿಮ್ಮದು ಇದೇ.

ಅಗ್ಗದ ಟಾರ್ಚುಗಳಲ್ಲಿ ಸ್ಟಾರ್ ಕೂರುವ ಲೋಹದ ಬಟ್ಟಲು, ಅಂದರೆ ಪಿಲ್, ಸಾಮಾನ್ಯವಾಗಿ ಪೊಳ್ಳು. ಒಂದು ಮಿ.ಮೀ. ಅಗಲದ ಅಂಚಿನ ಮೇಲೆ ಸ್ಟಾರ್ ಕೂತಿರುತ್ತದೆ, ಕೆಳಗೆ ಗಾಳಿ. ಸ್ಟಾರಿನ ಅಡಿಯಲ್ಲೆಲ್ಲ ಬರೀ 0.1 ಮಿ.ಮೀ. ಗಾಳಿ ಇದೆ ಎಂದಿಟ್ಟುಕೊಂಡರೂ 7 ವ್ಯಾಟ್ ದಾಟಲು 130 ಡಿಗ್ರಿಗೂ ಹೆಚ್ಚಿನ ವ್ಯತ್ಯಾಸ ಬೇಕು. ಅದೇ ಜಾಗದಲ್ಲಿ ಥರ್ಮಲ್ ಪೇಸ್ಟ್ (ಶಾಖ ದಾಟಿಸುವ ಪೇಸ್ಟ್) ತುಂಬಿದ್ದರೆ ಕೆಲವೇ ಡಿಗ್ರಿ ಸಾಕು.

ಖಾತ್ರಿಯಾಗಲು ಸೆಲ್ ತೆಗೆದು, ವಯರ್ ಬಿಡಿಸಿ, ಸ್ಟಾರಿನ ಬೆನ್ನಿಗೆ ಮಾರ್ಕರ್ ಬಳಿಯಿರಿ. ಒಣಗಿದ ಮೇಲೆ ಪಿಲ್ಲಿನಲ್ಲಿಟ್ಟು ಒತ್ತಿ ಕಾಲು ಸುತ್ತು ತಿರುಗಿಸಿ ತೆಗೆಯಿರಿ. ಮಸಿ ಅಂಚಿನಲ್ಲಿ ಮಾತ್ರ ಉಜ್ಜಿ ಹೋಗಿದ್ದರೆ ಪಿಲ್ ಪೊಳ್ಳು ಅಥವಾ ತಗ್ಗು. ಅಲ್ಲಲ್ಲಿ ಹೋಗಿದ್ದರೆ ಮೇಲ್ಮೈ ಅಂಕುಡೊಂಕು: ಗಾಜಿನ ಮೇಲೆ 400, ಆಮೇಲೆ 800ರ ಎಮರಿ ಪೇಪರ್ ಇಟ್ಟು ಸ್ಟಾರಿನ ಬೆನ್ನನ್ನು ಎಂಟರಾಕಾರದಲ್ಲಿ ಉಜ್ಜಿ.

ಪೊಳ್ಳು ಪಿಲ್ಲಿಗೆ ತಾಮ್ರದ ಬಿಲ್ಲೆಯೇ ಮದ್ದು. ಪಿಲ್ಲಿನ ಒಳವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು, ಪೀಣ್ಯ ಇಲ್ಲವೇ ಕಾಮಾಕ್ಷಿಪಾಳ್ಯದ ಯಾವುದಾದರೂ ಲೇತ್ ಅಂಗಡಿಯಲ್ಲಿ ಅದಕ್ಕಿಂತ 0.03 ಮಿ.ಮೀ. ದೊಡ್ಡದಾಗಿ, 3 ಮಿ.ಮೀ. ದಪ್ಪಕ್ಕೆ ಕಡೆಸಿ. ವಯರಿಗೆ 2 ಮಿ.ಮೀ.ನ ಎರಡು ತೂತು. ಡ್ರೈವರ್ ಕಳಚಿಟ್ಟು, ಪಿಲ್ಲನ್ನು ಬಿಸಿ ಮಾಡಿ ಬಿಲ್ಲೆ ಇಳಿಸಿದರೆ ತಣಿದಾಗ ಬಿಗಿದು ಕೂರುತ್ತದೆ. ಹಿತ್ತಾಳೆ ಪಿಲ್ಲಾದರೆ ಬೆಸುಗೆಯೂ ಹಾಕಬಹುದು. ಅಲ್ಯೂಮಿನಿಯಂ ಮಾಮೂಲಿ ಬೆಸುಗೆ ಹಿಡಿಯದು. ಬಿಲ್ಲೆಗೂ ಕೆಳಗಿನ ಡ್ರೈವರಿಗೂ ಕನಿಷ್ಠ 2 ಮಿ.ಮೀ. ಅಂತರ ಇರಲಿ.

ಬಿಲ್ಲೆಗೂ ಸ್ಟಾರಿಗೂ ನಡುವೆ ಥರ್ಮಲ್ ಪೇಸ್ಟ್ ಎರಡು ಮೂರು ಸಾಸಿವೆ ಕಾಳಿನಷ್ಟು ಸಾಕು. ದೋಸೆಗೆ ಬೆಣ್ಣೆ ಹಾಕಿದಂತೆ ಮೆತ್ತಬೇಡಿ, ದಪ್ಪವಾದಷ್ಟೂ ಅದೇ ತಡೆ. ಸೂಪರ್‌ಗ್ಲೂ ಅಂತೂ ಬೇಡವೇ ಬೇಡ: ಅದರ ಆವಿ ಎಲ್‌ಇಡಿಯ ಗುಮ್ಮಟವನ್ನು ಮಂಜಾಗಿಸುತ್ತದೆ. ಸ್ಟಾರನ್ನು ಒತ್ತಿ ಹಿಡಿಯುವುದು ರಿಫ್ಲೆಕ್ಟರ್, ಹಾಗಾಗಿ ನಡುವಿನ ಪ್ಲಾಸ್ಟಿಕ್ ಉಂಗುರ ತುಂಬ ತೆಳುವಾದರೆ ರಿಫ್ಲೆಕ್ಟರ್ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತದೆ. ಉಂಗುರವಿಲ್ಲದೆ ಮಾತ್ರ ಜೋಡಿಸಬೇಡಿ.

ಎಲ್‌ಇಡಿ ಕೂರಿಸುವ ಬೆಸುಗೆಯನ್ನೂ ಮತ್ತೆ ಮಾಡಬೇಕಾಗಿ ಬಂದರೆ ಹಳೇ ಇಸ್ತ್ರಿ ಪೆಟ್ಟಿಗೆಯನ್ನು ಅಲ್ಲಾಡದಂತೆ ತಲೆಕೆಳಗಾಗಿ ನಿಲ್ಲಿಸಿ ಅದರ ಮೇಲೆ ಸ್ಟಾರ್ ಇಟ್ಟರೆ ಕೆಲಸ ನಡೆಯುತ್ತದೆ (ಆ ಪೆಟ್ಟಿಗೆ ಮತ್ತೆ ಬಟ್ಟೆಗಲ್ಲ). 63/37 ತವರ-ಸೀಸದ ಬೆಸುಗೆ ಪೇಸ್ಟ್ 183 ಡಿಗ್ರಿಗೆ ಕರಗುತ್ತದೆ. ಸೀಸವಿಲ್ಲದ ಪೇಸ್ಟಿಗೆ ಸುಮಾರು 217 ಬೇಕು, ಅಷ್ಟಕ್ಕೆ ಇಸ್ತ್ರಿ ಪೆಟ್ಟಿಗೆಯನ್ನು ನಂಬಬೇಡಿ. ಬೂದು ಪೇಸ್ಟ್ ಒಮ್ಮೆಲೇ ಬೆಳ್ಳಿಯಂತೆ ಹೊಳೆದು ಎಲ್‌ಇಡಿ ತಾನೇ ಸರಿದು ನೆಟ್ಟಗಾಗುತ್ತದೆ. ಆಗ ಚಿಮುಟದಿಂದ ಅದರ ಬಿಳಿ ಅಂಚನ್ನು ಒಂಚೂರು ತಳ್ಳಿ. ಸ್ಪ್ರಿಂಗಿನಂತೆ ಮರಳಿ ಬಂದರೆ ನಡುವಿನ ಪ್ಯಾಡೂ ಅಂಟಿದೆ. ಗುಮ್ಮಟ ಮುಟ್ಟಬೇಡಿ, ಮೆತ್ತನೆಯ ಸಿಲಿಕೋನ್ ಕಿತ್ತುಬರುತ್ತದೆ. ಕಿಟಕಿ ತೆರೆದಿಡಿ, ಮುಗಿದ ಮೇಲೆ ಕೈ ತೊಳೆಯಿರಿ.

ಒಂದು ಅನುಮಾನ ಉಳಿದಿದೆ: ಡ್ರೈವರ್ ನಿಜಕ್ಕೂ 3 ಆಂಪಿಯರಿನದೇ? 7135 ಎಂಬ ಕರೆಂಟ್ ನಿಯಂತ್ರಿಸುವ ಚಿಪ್‌ಗಳಿರುವ ಡ್ರೈವರಾದರೆ ಅವನ್ನು ಎಣಿಸಿ, ಒಂದೊಂದಕ್ಕೆ 350 ಮಿಲಿಆಂಪಿಯರ್, ಎಂಟಿದ್ದರೆ 2.8 ಆಂಪಿಯರ್. ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಡ್ರೈವರಾದರೆ ಫುಲ್‌ನಲ್ಲಿ ಕಡಿವಾಣವಿಲ್ಲ, ಒಳ್ಳೆಯ ಸೆಲ್ ಹಾಕಿದಷ್ಟೂ ಎಲ್‌ಇಡಿ ಹೆಚ್ಚು ಎಳೆಯುತ್ತದೆ. ಹಿಂದಿನ ಮುಚ್ಚಳ ತೆಗೆದು, ಮಲ್ಟಿಮೀಟರಿನ 10 ಆಂಪಿಯರ್ ತೂತಿಗೆ 1.5 ಸ್ಕ್ವೇರ್ ಎಂಎಂ ವಯರಿನ ಗಿಡ್ಡ ತುಂಡುಗಳನ್ನು ಹಾಕಿ, ಸೆಲ್ಲಿನ ಹಿಂಬದಿಗೂ ಟಾರ್ಚಿನ ಮೈಗೂ ನಡುವೆ ಅಳೆಯಿರಿ. ಮೀಟರಿನ ಜೊತೆ ಬರುವ ತೆಳು ವಯರಿನಲ್ಲಿ ಓದು ಕಡಿಮೆ ಬರುತ್ತದೆ. ಅಗ್ಗದ ಕ್ಲ್ಯಾಂಪ್ ಮೀಟರುಗಳಲ್ಲಿ ಬಹುಪಾಲು ಎಸಿ ಮಾತ್ರ ಅಳೆಯುವಂಥವು, ಇಲ್ಲಿ ಸೊನ್ನೆ ತೋರಿಸುತ್ತವೆ.

ಈಗಿರುವ ಎಲ್‌ಇಡಿಯನ್ನು ಎಸೆಯುವ ಮುನ್ನ ತಣಿಯಲು ಬಿಟ್ಟು ಲೋ ಮೋಡ್‌ನಲ್ಲಿ ಹೊತ್ತಿಸಿ ಬಿಳಿ ಗೋಡೆಗೆ ಹಿಡಿಯಿರಿ. ಬೆಳ್ಳಗಿದ್ದರೆ ಉಳಿದಿದೆ. ನಡುವೆ ಕಂದು ಚುಕ್ಕೆ ಬಿದ್ದಿದ್ದರೆ ಅಥವಾ ಲೋನಲ್ಲೂ ನೀಲಿಯಾಗಿದ್ದರೆ ಫಾಸ್ಫರ್ ಸುಟ್ಟಿದೆ, ಹೊಸದೇ ಬೇಕು. ಅದನ್ನು ಮಾತ್ರ ಬಿಲ್ಲೆ ಕೂರಿಸಿದ ಮೇಲೆ ಹಾಕಿ.