ಪದ ಪರಿಚಯ: ಜನಾಂಗವಾರು ಎಚ್‌ಐವಿ ಪ್ರಿವಲೆನ್ಸ್

ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿಸಿಯ ಆರೋಗ್ಯ ಇಲಾಖೆ 2009ರಲ್ಲಿ ಒಂದು ವರದಿ ಹೊರತಂದಿತು. 2007ರ ಕೊನೆಗೆ ಊರಿನಲ್ಲಿ 12 ವರ್ಷ ದಾಟಿದವರ ಪೈಕಿ ಕನಿಷ್ಠ ಶೇ 3ರಷ್ಟು ಜನ ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿದ್ದಾರೆ ಅಂತ ಅದರಲ್ಲಿತ್ತು. ಕಪ್ಪು ಜನಾಂಗದ ಗಂಡಸರನ್ನಷ್ಟೇ ತೆಗೆದುಕೊಂಡರೆ ಆ ಪ್ರಮಾಣ ಶೇ 6.5ರ ಹತ್ತಿರ. ಇಡೀ ಜನಸಂಖ್ಯೆಯಲ್ಲಿ ಶೇ 1 ದಾಟಿದರೆ ಸೋಂಕು ಎಲ್ಲ ಕಡೆ ಹಬ್ಬಿದೆ ಅನ್ನುವುದು ಆಗ ಬಳಕೆಯಲ್ಲಿದ್ದ ಲೆಕ್ಕ. ಹಾಗಾಗಿ ಸುದ್ದಿ ದೊಡ್ಡದಾಯಿತು. ಪತ್ರಿಕೆಗಳು ಆ ಊರನ್ನು ಪಶ್ಚಿಮ ಆಫ್ರಿಕದ ದೇಶಗಳ ಪಕ್ಕ ಇಟ್ಟು ಬರೆದವು.

ಆ ಶೇ 3, ಶೇ 6.5 ಅನ್ನುವ ಅಂಕಿಗಳಿಗೆ ಪ್ರಿವಲೆನ್ಸ್ ಅನ್ನುತ್ತಾರೆ. ಒಂದು ಗುಂಪಿನ ಒಟ್ಟು ಜನರಲ್ಲಿ, ಗೊತ್ತುಮಾಡಿಕೊಂಡ ಒಂದು ದಿನಕ್ಕೆ, ಎಷ್ಟು ಪಾಲು ಜನರ ಮೈಯಲ್ಲಿ ಸೋಂಕಿದೆ ಎಂಬುದೇ ಪ್ರಿವಲೆನ್ಸ್. ಸೋಂಕು ನಿನ್ನೆ ತಗುಲಿರಲಿ, ಇಪ್ಪತ್ತು ವರ್ಷದ ಹಿಂದೆ ತಗುಲಿರಲಿ, ಎಲ್ಲರೂ ಲೆಕ್ಕಕ್ಕೆ ಸೇರುತ್ತಾರೆ. ಒಂದು ವರ್ಷದಲ್ಲಿ ಹೊಸದಾಗಿ ಸೋಂಕು ತಗುಲಿದವರ ಲೆಕ್ಕ ಬೇರೆ, ಅದು ಇನ್ಸಿಡೆನ್ಸ್. ಇವೆರಡನ್ನು ಬೆರೆಸಿ ಬರೆಯುವುದು ಸುದ್ದಿಯಲ್ಲಿ ತುಂಬಾ ಸಾಮಾನ್ಯ. 1996ರ ಹೊತ್ತಿಗೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂತು, ಜನ ಸಾಯುವುದು ಕಡಿಮೆಯಾಯಿತು. ಸಾಯುವವರಿಗಿಂತ ಹೊಸಬರು ಜಾಸ್ತಿ ಇರುವ ತನಕ, ಹೊಸ ಸೋಂಕು ಇಳಿಯುತ್ತಿದ್ದರೂ ಪ್ರಿವಲೆನ್ಸ್ ಏರುತ್ತಲೇ ಇರುತ್ತದೆ. ಏರಿದ ಪ್ರಿವಲೆನ್ಸ್ ಕೆಲವು ಸಲ ಒಳ್ಳೆಯ ಸುದ್ದಿ, ಅಂದರೆ ಜನ ಬದುಕುತ್ತಿದ್ದಾರೆ.

ಪ್ರಿವಲೆನ್ಸ್ ಒಂದು ಭಿನ್ನರಾಶಿ. ಮೇಲೆ ಸೋಂಕಿರುವವರು, ಕೆಳಗೆ ಗುಂಪಿನ ಒಟ್ಟು ಜನ. ಶಾಲೆಯಲ್ಲಿ ಕಲಿತ ಅಂಶ, ಛೇದ ಅಷ್ಟೇ. ಜನಾಂಗವಾರು ಮಾಡುವಾಗ ಪ್ರತಿ ಗುಂಪಿಗೂ ಒಂದೊಂದು ಅಂಶ, ಒಂದೊಂದು ಛೇದ ಬೇಕು. ತೊಂದರೆ ಇರುವುದೇ ಅಲ್ಲಿ: ಎರಡೂ ಬೇರೆ ಬೇರೆ ಕಡೆಯಿಂದ ಬರುತ್ತವೆ, ಎರಡರಲ್ಲೂ ಅಂದಾಜು ಸೇರಿರುತ್ತದೆ. ಹೀಗಿದ್ದರೂ ಅಂಶದ ಬಗ್ಗೆ ಎಲ್ಲರೂ ಕೇಳುತ್ತಾರೆ, ಛೇದದ ಬಗ್ಗೆ ಯಾರೂ ಕೇಳುವುದಿಲ್ಲ. ನನಗಂತೂ ಮೊದಲು ನೋಡಬೇಕಾದ್ದು ಛೇದವೇ ಅನ್ನಿಸುತ್ತದೆ. ಡಿಸಿಯನ್ನೇ ನೋಡಿ. ಆಗ ಆರೋಗ್ಯ ಇಲಾಖೆಯ ಸೋಂಕಿತರ ಪಟ್ಟಿಯಲ್ಲಿದ್ದವರು 15 ಸಾವಿರಕ್ಕೂ ಸ್ವಲ್ಪ ಜಾಸ್ತಿ. 12 ದಾಟಿದ ಸುಮಾರು 5 ಲಕ್ಷ ಜನರಿಂದ ಭಾಗಿಸಿದರೆ ಶೇ 3. ಮಕ್ಕಳನ್ನೂ ಸೇರಿಸಿ ಊರಿನ ಸುಮಾರು 5.9 ಲಕ್ಷ ಜನರಿಂದ ಭಾಗಿಸಿದರೆ ಶೇ 2.5ರ ಆಸುಪಾಸು. ಸೋಂಕಿರುವ ಒಬ್ಬರೂ ಹೆಚ್ಚು ಕಡಿಮೆ ಆಗಿಲ್ಲ, ಅಂಕಿ ಮಾತ್ರ ಬದಲಾಯಿತು. ಎರಡೂ ಸರಿಯೇ. ಯಾವುದರಿಂದ ಭಾಗಿಸಿದ್ದು ಅಂತ ಹೇಳದಿದ್ದರೆ ಮಾತ್ರ ಎರಡೂ ತಪ್ಪು.

ಈಗ ಅಂಶ ಎಲ್ಲಿಂದ ಬರುತ್ತದೆ ನೋಡೋಣ. ಅಮೆರಿಕದಲ್ಲಿ ಎಚ್‌ಐವಿ ಪತ್ತೆಯಾದರೆ ಲ್ಯಾಬ್ ಮತ್ತು ವೈದ್ಯರು ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. ರಕ್ತ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿದ್ದು 1985ರಲ್ಲಿ. ಆದರೆ ಹೆಸರು ಸಮೇತ ಗುಟ್ಟಾಗಿ ದಾಖಲಿಸುವ ಪದ್ಧತಿ ಎಲ್ಲ ರಾಜ್ಯಗಳಿಗೂ ಬರುವ ಹೊತ್ತಿಗೆ 2008 ಆಯಿತು. ಹೆಸರು ಬರೆಯಿಸಲು ಜನ ಹೆದರುತ್ತಿದ್ದರು. ಹೆದರಿಕೆಗೆ ಕಾರಣವೂ ಇತ್ತು, ಕೆಲಸ, ಮನೆ, ವಿಮೆ ಎಲ್ಲ ಕೈತಪ್ಪುವ ಕಾಲ ಅದು. ಹೆಸರು ಸ್ಥಳೀಯ ಇಲಾಖೆಯಲ್ಲೇ ಉಳಿಯುತ್ತದೆ. ರಾಷ್ಟ್ರಮಟ್ಟದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಗೆ ಹೋಗುವುದು ಸೌಂಡೆಕ್ಸ್ ಎಂಬ ಕೋಡ್. ಮನೆಹೆಸರಿನ ಮೊದಲ ಅಕ್ಷರ, ಆಮೇಲೆ ಉಚ್ಚಾರಣೆಗೆ ತಕ್ಕ ಮೂರು ಅಂಕಿ. ಇಂಗ್ಲಿಷಿನಲ್ಲಿ ಸ್ಮಿತ್ ಅನ್ನುವುದನ್ನು ಎರಡು ಥರ ಬರೆಯುತ್ತಾರೆ. ಹೇಗೆ ಬರೆದರೂ ಕೋಡ್ ಎಸ್530. ಇದು ಮತ್ತು ಹುಟ್ಟಿದ ದಿನಾಂಕದಂಥ ವಿವರ ಇಟ್ಟುಕೊಂಡು ಒಬ್ಬರೇ ಎರಡು ರಾಜ್ಯದ ಪಟ್ಟಿಯಲ್ಲಿ ಇದ್ದಾರಾ ಅಂತ ಹುಡುಕುತ್ತಾರೆ. ಡಿಸಿಯಂಥ ಊರಿಗೆ ಇದು ಸಣ್ಣ ವಿಷಯವಲ್ಲ. ಒಂದು ಕಡೆ ಮೇರಿಲ್ಯಾಂಡ್, ಇನ್ನೊಂದು ಕಡೆ ವರ್ಜೀನಿಯಾ. ಇಲ್ಲಿ ಪರೀಕ್ಷೆ, ಅಲ್ಲಿ ಮನೆ, ಮುಂದಿನ ವರ್ಷ ಮತ್ತೆಲ್ಲೋ ಚಿಕಿತ್ಸೆ. ಊರು ಬಿಟ್ಟವರನ್ನು, ತೀರಿಕೊಂಡವರನ್ನು ಪಟ್ಟಿಯಿಂದ ತೆಗೆಯದಿದ್ದರೆ ಅಂಶ ಸುಮ್ನೆ ಉಬ್ಬುತ್ತಾ ಹೋಗುತ್ತದೆ.

ಪಟ್ಟಿ ಎಷ್ಟೇ ಚೊಕ್ಕವಾಗಿದ್ದರೂ ಅದರಲ್ಲಿ ಇರುವವರು ಪರೀಕ್ಷೆ ಮಾಡಿಸಿಕೊಂಡವರು ಮಾತ್ರ. ಡಿಸಿ ವರದಿಯ 'ಕನಿಷ್ಠ' ಅನ್ನುವ ಪದಕ್ಕೆ ಅರ್ಥ ಇದು. ಸೋಂಕಿದೆ, ಆದರೆ ಗೊತ್ತಿಲ್ಲ ಅನ್ನುವವರನ್ನು ಎಣಿಸುವುದು ಹೇಗೆ? ಇದಕ್ಕೆ ಸಿಡಿಸಿ ಬಳಸುವ ದಾರಿ ಚೆನ್ನಾಗಿದೆ. ಎಚ್‌ಐವಿ ದಾಳಿ ಮಾಡುವುದು ರಕ್ತದ ಸಿಡಿ4 ಕಣಗಳ ಮೇಲೆ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 500ರಿಂದ 1,500 ಇರುತ್ತವೆ. ಚಿಕಿತ್ಸೆ ಇಲ್ಲದಿದ್ದರೆ ವರ್ಷ ವರ್ಷ ಇಳಿಯುತ್ತವೆ, 200ಕ್ಕಿಂತ ಕೆಳಗೆ ಹೋದರೆ ಏಡ್ಸ್ ಹಂತ. ಹಾಗಾದರೆ ಸೋಂಕು ಪತ್ತೆಯಾದಾಗ ಮಾಡಿದ ಮೊದಲ ಸಿಡಿ4 ಎಣಿಕೆ ನೋಡಿದರೆ ಸೋಂಕು ತಗುಲಿ ಎಷ್ಟು ಕಾಲ ಆಗಿರಬಹುದು ಅಂತ ಹಿಂದಕ್ಕೆ ಲೆಕ್ಕ ಹಾಕಬಹುದು. 600 ಇದ್ದರೆ ಬಹುಶಃ ಇತ್ತೀಚಿನದು. 150 ಇದ್ದರೆ ಆ ಮನುಷ್ಯ ವರ್ಷಗಟ್ಟಲೆ ಗೊತ್ತಿಲ್ಲದೆ ಓಡಾಡಿದ್ದಾನೆ. ಒಬ್ಬೊಬ್ಬರ ಮಟ್ಟಿಗೆ ಈ ಲೆಕ್ಕ ತೀರಾ ಒರಟು. ಆದರೆ ಸಾವಿರಾರು ಜನರದ್ದು ಸೇರಿಸಿದರೆ, ಸೋಂಕಿಗೂ ಪತ್ತೆಗೂ ನಡುವೆ ಸಾಮಾನ್ಯವಾಗಿ ಎಷ್ಟು ತಡವಾಗುತ್ತಿದೆ ಅನ್ನುವುದು ಕಾಣುತ್ತದೆ. ಅದರಿಂದ ಇನ್ನೂ ಪತ್ತೆಯಾಗದೆ ಉಳಿದವರ ಅಂದಾಜು ಸಿಗುತ್ತದೆ. ಇಡೀ ಅಮೆರಿಕದಲ್ಲಿ ಸೋಂಕಿರುವವರು ಸುಮಾರು 12 ಲಕ್ಷ, ಅವರಲ್ಲಿ ಹೆಚ್ಚುಕಡಿಮೆ ಶೇ 13 ಜನರಿಗೆ ಅದು ಗೊತ್ತೇ ಇಲ್ಲ ಎಂಬ ಅಂಕಿ ಬಂದದ್ದು ಹೀಗೆ.

ಇಲ್ಲಿ ಎಡವುವವರು ಜಾಸ್ತಿ, ಅದಕ್ಕೇ ಒಂದು ಕಾಲ್ಪನಿಕ ಲೆಕ್ಕ ಮಾಡಿ ನೋಡೋಣ. ಒಂದು ಊರಿನಲ್ಲಿ ಎರಡು ಗುಂಪು, ಎರಡರಲ್ಲೂ ತಲಾ 1 ಲಕ್ಷ ಜನ. ಪಟ್ಟಿಯಲ್ಲಿ ಎರಡೂ ಕಡೆ 900 ಜನ. ನೋಡಿದರೆ ಸಮ ಸಮ, ಅಲ್ವಾ? ಮೊದಲ ಗುಂಪಿನಲ್ಲಿ ಸೋಂಕಿರುವವರ ಪೈಕಿ ಶೇ 10 ಜನರಿಗೆ ಪತ್ತೆಯಾಗಿಲ್ಲ ಅಂದುಕೊಳ್ಳಿ. ಹಾಗಾದರೆ ಆ 900 ಎನ್ನುವುದು ನಿಜವಾದ ಸಂಖ್ಯೆಯ ಶೇ 90. 900ನ್ನು 0.9ರಿಂದ ಭಾಗಿಸಿದರೆ 1,000. ಎರಡನೇ ಗುಂಪಿನಲ್ಲಿ ಪತ್ತೆಯಾಗದವರು ಶೇ 25. 900ನ್ನು 0.75ರಿಂದ ಭಾಗಿಸಿದರೆ 1,200. ಮೊದಲನೆಯದು ಶೇ 1, ಎರಡನೆಯದು ಶೇ 1.2. 900ಕ್ಕೆ ಅದರದೇ ಶೇ 25, ಅಂದರೆ 225 ಕೂಡಿಸಿ 1,125 ಅಂದರೆ ತಪ್ಪು. ಆ ಶೇ 25 ಇರುವುದು ಒಟ್ಟು ಸೋಂಕಿತರಲ್ಲಿ, ಪಟ್ಟಿಯಲ್ಲಿರುವವರಲ್ಲಿ ಅಲ್ಲ. ಊರಿಗೆಲ್ಲ ಸೇರಿಸಿ ಒಂದೇ ಸರಾಸರಿ ಹಾಕಿ ಎರಡೂ ಗುಂಪನ್ನು ತಿದ್ದಿದರಂತೂ ಅಂತರವೇ ಮಾಯ.

ಗುಂಪಿಂದ ಗುಂಪಿಗೆ ಇಷ್ಟು ವ್ಯತ್ಯಾಸ ನಿಜಕ್ಕೂ ಇರುತ್ತದಾ? 2008ರಲ್ಲಿ ಸಿಡಿಸಿ 21 ನಗರಗಳಲ್ಲಿ ಬಾರ್, ಕ್ಲಬ್‌ಗಳಂಥ ಜಾಗಗಳಿಗೆ ಹೋಗಿ ಸಲಿಂಗಿ ಮತ್ತು ದ್ವಿಲಿಂಗಿ ಪುರುಷರನ್ನು ಪರೀಕ್ಷಿಸಿತು. ಕಪ್ಪು ಪುರುಷರಲ್ಲಿ ಶೇ 28, ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದ) ಪುರುಷರಲ್ಲಿ ಶೇ 18, ಬಿಳಿಯರಲ್ಲಿ ಶೇ 16 ಮಂದಿಗೆ ಸೋಂಕಿತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಸಾಲು: ಸೋಂಕಿದ್ದ ಕಪ್ಪು ಪುರುಷರಲ್ಲಿ ಶೇ 59 ಜನರಿಗೆ ಅದು ಗೊತ್ತಿರಲಿಲ್ಲ. ಬಿಳಿಯರಲ್ಲಿ ಹಾಗಿದ್ದವರು ಶೇ 26. ಇವು ಆ ಜಾಗಗಳಿಗೆ ಬರುವ ಗಂಡಸರ ಅಂಕಿ, ಇಡೀ ಊರಿನದ್ದಲ್ಲ. ಹೀಗೆ ಪತ್ತೆಯಾಗದೆ ಉಳಿದವರಿಂದ ಮೋಸಹೋಗಬಾರದು ಅಂದರೆ ಮನೆಗಳಿಂದ ಜನರನ್ನು ಆರಿಸಿ ಅವರ ರಕ್ತ ತೆಗೆದು ನೋಡುವ ಸಮೀಕ್ಷೆಯೇ ಆಗಬೇಕು. ನ್ಯೂಯಾರ್ಕ್ ನಗರ 2004ರಲ್ಲಿ ಅದನ್ನೂ ಮಾಡಿತು. ಆದರೆ ಮನೆ ಇಲ್ಲದವರು, ಜೈಲಿನಲ್ಲಿರುವವರು ಆ ಬಗೆಯ ಸಮೀಕ್ಷೆಗೆ ಸಿಗುವುದಿಲ್ಲ. ಸೋಂಕು ಜಾಸ್ತಿ ಇರುವುದು ಅವರಲ್ಲೇ.

ಛೇದಕ್ಕೆ ವಾಪಸ್ ಬರೋಣ. ಅದು ಬರುವುದು ಜನಗಣತಿಯಿಂದ. 2020ರ ಗಣತಿ ಆದಮೇಲೆ ಅಲ್ಲಿನ ಜನಗಣತಿ ಇಲಾಖೆಯೇ ಪರಿಶೀಲಿಸಿ ಹೇಳಿದ್ದು: ಕಪ್ಪು ಜನರ ಎಣಿಕೆ ಸುಮಾರು ಶೇ 3.3, ಹಿಸ್ಪಾನಿಕ್ ಜನರದ್ದು ಸುಮಾರು ಶೇ 5 ಕಡಿಮೆ ಬಿದ್ದಿದೆ, ಬಿಳಿಯರದ್ದು ಶೇ 1.6ರಷ್ಟು ಹೆಚ್ಚಾಗಿದೆ. ಛೇದ ಶೇ 5 ಕುಗ್ಗಿದರೆ ಶೇ 2 ಇದ್ದ ಪ್ರಿವಲೆನ್ಸ್ ಶೇ 2.1 ಆಗುತ್ತದೆ. ಅಷ್ಟೇನೂ ದೊಡ್ಡದಲ್ಲ. ಡಿಸಿಗೆ ಇನ್ನೂ ಒಂದು ವಿಚಿತ್ರ ಇದೆ. ಅದರ ಲಾರ್ಟನ್ ಜೈಲು 2001ರಲ್ಲಿ ಮುಚ್ಚಿತು. ಅಲ್ಲಿಂದ ಮುಂದೆ ಗಂಭೀರ ಅಪರಾಧಕ್ಕೆ ಶಿಕ್ಷೆಯಾದ ಡಿಸಿಯವರು ದೇಶದ ಬೇರೆ ಬೇರೆ ಕಡೆಯ ಫೆಡರಲ್ (ಕೇಂದ್ರ ಸರ್ಕಾರದ) ಜೈಲುಗಳಲ್ಲಿದ್ದಾರೆ. ಜನಗಣತಿ ಅವರನ್ನು ಎಣಿಸುವುದು ಜೈಲು ಇರುವ ಊರಿನಲ್ಲಿ. ಎಚ್‌ಐವಿ ಪಟ್ಟಿಯಲ್ಲಿ ಹಳೆಯ ವಿಳಾಸವೇ ಉಳಿದಿದ್ದರೆ, ಒಬ್ಬನೇ ಮನುಷ್ಯ ಅಂಶದಲ್ಲಿದ್ದಾನೆ, ಛೇದದಲ್ಲಿಲ್ಲ.

ಜನಾಂಗ ಯಾವುದು ಅಂತ ಬರೆಯುವವರು ಯಾರು? ಗಣತಿಯಲ್ಲಿ ಜನ ತಾವೇ ಹೇಳುತ್ತಾರೆ, ಇಲ್ಲವೇ ಮನೆಯವರು ಹೇಳುತ್ತಾರೆ. ಆಸ್ಪತ್ರೆಯಲ್ಲಿ ಎಷ್ಟೋ ಸಲ ಕೌಂಟರಿನಲ್ಲಿ ಕೂತವರು ಮುಖ ಮತ್ತು ಹೆಸರು ನೋಡಿ ತುಂಬಿಸಿಬಿಡುತ್ತಾರೆ. ಅಮೆರಿಕದ ಮೂಲನಿವಾಸಿಗಳನ್ನು ಬಿಳಿಯರು ಅಂತ ದಾಖಲಿಸುವುದು ಅಲ್ಲಿ ಬಹಳ ಹಿಂದಿನಿಂದ ಗೊತ್ತಿರುವ ತಪ್ಪು. ಊರಿನಲ್ಲಿ 2,000 ಮೂಲನಿವಾಸಿಗಳಿದ್ದು 20 ಜನರಿಗೆ ಸೋಂಕಿದೆ ಅಂದುಕೊಳ್ಳಿ. 8 ಜನ ಬಿಳಿಯರ ಲೆಕ್ಕಕ್ಕೆ ಹೋದರೆ ಶೇ 1 ಇದ್ದದ್ದು ಶೇ 0.6 ಆಗುತ್ತದೆ. 3 ಲಕ್ಷ ಬಿಳಿಯರ ನಡುವೆ ಆ 8 ಜನ ಕಾಣುವುದೂ ಇಲ್ಲ.

ಗುಂಪುಗಳ ಗಡಿಯೂ ಸರ್ಕಾರ ಎಳೆದ ಗೆರೆ. 1997ರ ನಿಯಮದ ಪ್ರಕಾರ ಹಿಸ್ಪಾನಿಕ್ ಹೌದೋ ಅಲ್ಲವೋ ಅನ್ನುವುದು ಒಂದು ಪ್ರಶ್ನೆ, ಜನಾಂಗ ಯಾವುದು ಅನ್ನುವುದು ಇನ್ನೊಂದು. ಆರೋಗ್ಯ ವರದಿಗಳಲ್ಲಿ ಹಿಸ್ಪಾನಿಕ್ ಅಂದವರನ್ನು ಮೊದಲು ಬೇರೆ ತೆಗೆದಿಟ್ಟು, ಉಳಿದವರನ್ನು ಕಪ್ಪು, ಬಿಳಿ, ಏಷ್ಯನ್ ಅಂತ ವಿಂಗಡಿಸುವುದು ರೂಢಿ. 2024ರ ಮಾರ್ಚ್‌ನಲ್ಲಿ ಎರಡು ಪ್ರಶ್ನೆಗಳನ್ನು ಒಂದೇ ಮಾಡಿ, ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕ ಮೂಲದವರಿಗೆ ಹೊಸ ವರ್ಗ ಸೇರಿಸಿದರು. ಈ ಬದಲಾವಣೆಗೆ ಹಿಂದಿನ, ಮುಂದಿನ ಅಂಕಿಗಳನ್ನು ಪಕ್ಕಪಕ್ಕ ಇಡುವಾಗ ಹುಷಾರಾಗಿರಬೇಕು.

ಚಿಕ್ಕ ಗುಂಪುಗಳ ಕಥೆ ಇನ್ನೂ ಕಷ್ಟ. 800 ಜನರಲ್ಲಿ 4 ಜನ ಅಂದರೆ ಶೇ 0.5. ಮುಂದಿನ ವರ್ಷ ಇಬ್ಬರು ಹೊಸಬರು ಊರಿಗೆ ಬಂದು ನೆಲೆಸಿದರೆ 'ಶೇ 50 ಏರಿಕೆ' ಅಂತ ತಲೆಬರಹ ಹಾಕಬಹುದು! 12ಕ್ಕಿಂತ ಕಡಿಮೆ ಸಂಖ್ಯೆಗಳನ್ನು ಎಚ್ಚರದಿಂದ ಓದಿ ಅಂತ ಸಿಡಿಸಿ ವರದಿಗಳೇ ಹೇಳುತ್ತವೆ. ತೀರಾ ಚಿಕ್ಕ ಸಂಖ್ಯೆಗಳನ್ನು ಎಷ್ಟೋ ಕಡೆ ಪ್ರಕಟಿಸುವುದೇ ಇಲ್ಲ, ಊರಿನವರು ಯಾರು ಅಂತ ಗುರುತು ಹಿಡಿದುಬಿಡುತ್ತಾರೆ ಅಂತ.

ಇಷ್ಟೆಲ್ಲ ಮಾಡಿ ಬಂದ ಅಂಕಿಯನ್ನು ಆ ಜನಾಂಗದ ಗುಣ ಅಂತ ಓದುವವರಿದ್ದಾರೆ. ಹಾಗೆ ಓದಿದರೆ ಏನಾಗುತ್ತದೆ ಅನ್ನುವುದಕ್ಕೆ ಕೆರಿಬಿಯನ್ ದೇಶವಾದ ಹೈಟಿಯವರನ್ನು ಕೇಳಬೇಕು. ಸಿಡಿಸಿ 1983ರಲ್ಲಿ ಏಡ್ಸ್ ಅಪಾಯದ ಗುಂಪುಗಳ ಜೊತೆ ಹೈಟಿ ಮೂಲದವರನ್ನೂ ಸೇರಿಸಿತು. 1985ರಲ್ಲಿ ತೆಗೆದುಹಾಕಿತು. ಅಷ್ಟರಲ್ಲಿ ಜನ ಕೆಲಸ, ಮನೆ ಕಳೆದುಕೊಂಡಿದ್ದರು. ಇಷ್ಟಾದ ಮೇಲೂ 1990ರಲ್ಲಿ ಅವರ ರಕ್ತದಾನಕ್ಕೆ ನಿಷೇಧ ಬಂತು. ಆ ಏಪ್ರಿಲ್ 20ರಂದು ಹತ್ತಾರು ಸಾವಿರ ಜನ ಬ್ರೂಕ್ಲಿನ್ ಸೇತುವೆ ದಾಟಿ ಮೆರವಣಿಗೆ ಹೋದರು. ಅದೇ ವರ್ಷದ ಕೊನೆಗೆ ನಿಷೇಧ ತೆಗೆದರು. ಕಪ್ಪು ಸಲಿಂಗಿ ಪುರುಷರ ವಿಷಯದಲ್ಲೂ ಹೀಗೆಯೇ. ಅವರ ನಡವಳಿಕೆ ಬೇರೆ ಸಲಿಂಗಿ ಪುರುಷರದ್ದಕ್ಕಿಂತ ಹೆಚ್ಚು ಅಪಾಯದ್ದೇನಲ್ಲ ಅಂತ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2012ರ ವಿಶ್ಲೇಷಣೆ ತೋರಿಸಿತು. ವ್ಯತ್ಯಾಸ ಇದ್ದದ್ದು ವಿಮೆ, ಚಿಕಿತ್ಸೆ, ವರಮಾನದಲ್ಲಿ. ಸಂಗಾತಿಗಳು ಸಿಗುವ ಬಳಗದಲ್ಲಿ ಸೋಂಕು ಮೊದಲೇ ಜಾಸ್ತಿ ಇದ್ದರೆ, ಅಷ್ಟೇ ಎಚ್ಚರ ವಹಿಸಿದರೂ ತಗುಲುವ ಸಾಧ್ಯತೆ ಜಾಸ್ತಿ.

ಈ ಅಂಕಿಗಳ ಮೇಲೆ ದುಡ್ಡೂ ನಿಂತಿದೆ. 1990ರ ರಯಾನ್ ವೈಟ್ ಕಾಯ್ದೆಯಡಿ ನಗರಗಳಿಗೆ ಚಿಕಿತ್ಸೆಯ ಹಣ ಹಂಚುತ್ತಾರೆ. ಅದರ ಸೂತ್ರ ನೋಡುವುದು ದಾಖಲಾದ ಸೋಂಕಿತರನ್ನು, ಅಂದಾಜಿನಲ್ಲಿ ಸೇರಿಸಿದವರನ್ನಲ್ಲ. ಪತ್ತೆ ಕಡಿಮೆ ಇರುವ ಊರಿಗೆ ಬರುವ ಪಾಲೂ ಕಡಿಮೆ. 13ರಿಂದ 64 ವರ್ಷದ ಎಲ್ಲರಿಗೂ ಮಾಮೂಲಿ ತಪಾಸಣೆಯ ಜೊತೆಗೇ ಎಚ್‌ಐವಿ ಪರೀಕ್ಷೆ ಮಾಡಿ ಅಂತ ಸಿಡಿಸಿ 2006ರಲ್ಲಿ ಸಲಹೆ ಕೊಟ್ಟಿತು. ಡಿಸಿಯೂ ಅದೇ ವರ್ಷ ಊರಿಗೆಲ್ಲ ಪರೀಕ್ಷೆ ಮಾಡಿಸುವ ಅಭಿಯಾನಕ್ಕೆ ಇಳಿಯಿತು. ಹಾಗಾಗಿ ಶೇ 3 ಅಂತ 2009ರಲ್ಲಿ ಬಂದದ್ದರಲ್ಲಿ ಒಂದಷ್ಟು ಪಾಲು ಹೊಸ ಸೋಂಕಲ್ಲ, ಮೊದಲಿಂದ ಇದ್ದು ಆಗಷ್ಟೇ ಪಟ್ಟಿಗೆ ಸೇರಿದ್ದು.