ಚಿರೇಕಲ್ಲಿನ ಗೋಡೆಗೆ ಸಿಮೆಂಟ್ ಹಚ್ಚುವ ಮೊದಲು

ನಮ್ಮ ಪರಂಪರೆ ಸಂರಕ್ಷಣಾ ಬಳಗಕ್ಕೆ ಬರುವ ಕರೆಗಳಲ್ಲಿ ಹೆಚ್ಚಿನವು ಕೆಲಸವೆಲ್ಲ ಮುಗಿದ ಮೇಲೆ ಬರುತ್ತವೆ. ಕುಮಟಾ ತಾಲ್ಲೂಕಿನ ಹಳೆಯ ದೇವಸ್ಥಾನವೊಂದರಿಂದ ಬಂದದ್ದೂ ಅಂಥದ್ದೇ. ಜೀರ್ಣೋದ್ಧಾರವೆಂದು ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆಗೆ ಸಿಮೆಂಟ್ ಗಾರೆ ಹಚ್ಚಿ, ಎನಾಮಲ್ ಬಣ್ಣ ಬಳಿದು ನಾಲ್ಕು ಮಳೆಗಾಲ ಕಳೆದಿತ್ತು. "ಗಟ್ಟಿ ಇರಲಿ ಅಂತ ಸಿಮೆಂಟೇ ಹಾಕಿಸಿದ್ದು ತಂಗಿ, ಆದರೂ ಗೋಡೆ ಒದ್ದೆ ಯಾಕೆ?" ಎಂದು ಹಿರಿಯ ಮೊಕ್ತೇಸರರು ಕೇಳಿದರು. ಸಿಮೆಂಟ್ ಹಾಕಿಸಿದ್ದರಿಂದಲೇ ಒದ್ದೆ ಎಂದು ಆ ಹಿರಿಯರಿಗೆ ಹೇಳುವುದು ನನಗೆ ಸುಲಭವಾಗಿರಲಿಲ್ಲ.

ಚಿರೇಕಲ್ಲು ರಂಧ್ರಮಯವಾದದ್ದು, ಮಳೆಗಾಲದಲ್ಲಿ ನೆಲದಿಂದಲೂ ಗಾಳಿಯಿಂದಲೂ ನೀರು ಹೀರಿಕೊಂಡು, ಬೇಸಿಗೆಯಲ್ಲಿ ಅದನ್ನು ಬಿಟ್ಟುಕೊಡುತ್ತದೆ. ಸುಣ್ಣದ ಗಾರೆಯೂ ರಂಧ್ರಮಯವಾದ್ದರಿಂದ ಆ ತೇವ ಅದರ ಮೂಲಕ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಗಾರೆ ಈ ದಾರಿಯನ್ನು ಮುಚ್ಚುತ್ತದೆ. ಹೊರಬರಲಾಗದ ನೀರು ಗೋಡೆಯೊಳಗೇ ಮೇಲೇರುತ್ತದೆ, ಅದರೊಡನೆ ಬಂದ ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಸಮುದ್ರದ ಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಉಪ್ಪಿಗೇನೂ ಕೊರತೆಯಿಲ್ಲ. ಉಳಿಯ ಮರದ ಹಿಡಿಯಿಂದ ಆ ಗೋಡೆಯನ್ನು ತಟ್ಟಿದಾಗ ಟೊಳ್ಳು ಸದ್ದು ಬಂತು. ಅಂಗೈಯಗಲದ ಚಕ್ಕೆಯೊಂದನ್ನು ಎಬ್ಬಿಸಿದರೆ ಹಿಂದಿನಿಂದ ಕಲ್ಲು ಕೆಂಪು ರವೆಯಂತೆ ಸುರಿಯಿತು.

ಚಕ್ಕೆಯ ಬೆನ್ನಿಗೆ ಇನ್ನೊಂದೂ ಅಂಟಿಕೊಂಡು ಬಂದಿತ್ತು: ಕಾವಿ ಕಲೆಯ ತುಣುಕು. ಬಿಳಿ ಸುಣ್ಣದ ಗಾರೆಯ ಮೇಲೆ ಕಾವಿಮಣ್ಣು ಬೆರೆಸಿದ ತೆಳು ಲೇಪ ಕೊಟ್ಟು, ಅದು ಆರುವ ಮೊದಲೇ ಮೊನೆಯಿಂದ ಗೀರಿ ಬಿಳುಪನ್ನು ಹೊರತೆಗೆಯುವ ಕೆಲಸವದು. ಅರ್ಧ ಹೂವು ಉಳಿದಿತ್ತು, ಅದರ ನಡುವೆ ಕೈವಾರದ ಮೊನೆ ಊರಿದ ಸಣ್ಣ ತೂತೂ ಕಾಣುತ್ತಿತ್ತು. ಉಳಿದರ್ಧ ಎಲ್ಲಿಗೆ ಹೋಯಿತೆಂದು ಮೊಕ್ತೇಸರರು ಕೇಳಲಿಲ್ಲ. ಚಕ್ಕೆಯನ್ನು ಪಂಚೆಯ ತುದಿಯಲ್ಲಿ ಒರೆಸಿ ಗರ್ಭಗುಡಿಯ ಬಾಗಿಲ ಬಳಿ ಇಟ್ಟರು.

ಇದನ್ನು ಕಾಯ್ದೆ ತಡೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬನವಾಸಿಯ ಮಧುಕೇಶ್ವರ ದೇವಾಲಯದಂತೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳ ಸುತ್ತ 100 ಮೀಟರ್ ಕಟ್ಟಡ ಕಟ್ಟಲು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕಾದ ನಿಯಂತ್ರಿತ ಪ್ರದೇಶ. ನಮ್ಮ ಊರುಗಳ ಬಹುಪಾಲು ಗುಡಿ, ಮನೆಗಳು ಯಾವ ಪಟ್ಟಿಯಲ್ಲೂ ಇಲ್ಲ. ಅಲ್ಲಿ ನಮ್ಮ ಬಳಗಕ್ಕೆ ಯಾವ ಅಧಿಕಾರವೂ ಇಲ್ಲ. ಅಳತೆ ನಕ್ಷೆ, ಛಾಯಾಚಿತ್ರ ಮಾಡಿಟ್ಟುಕೊಳ್ಳಬಹುದು, ಮನೆಯವರ ಜೊತೆ ಕುಳಿತು ಮಾತನಾಡಬಹುದು, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಹುಡುಕಿಕೊಡಬಹುದು.

ಎಲ್ಲ ಗೋಡೆಗೂ ಒಂದೇ ಮದ್ದು ಎಂದು ನಾನು ಹೇಳಲಾರೆ. ಸಿಮೆಂಟ್ ಕೀಳುವುದೂ ಕೆಲವೊಮ್ಮೆ ಕಲ್ಲಿಗೆ ಪೆಟ್ಟು ಕೊಡುತ್ತದೆ, ಆದ್ದರಿಂದ ಮೂಲೆಯಲ್ಲೊಂದು ತುಂಡನ್ನು ಪರೀಕ್ಷಿಸಿಯೇ ಮುಂದುವರಿಯಬೇಕು. ಅದಕ್ಕಿಂತ ಮೊದಲು ನೀರು ಬರುವ ದಾರಿ ನೋಡಿ: ಒಡೆದ ಹಂಚು, ಕಸ ಕಟ್ಟಿದ ಮಾಡಿನ ನೀರಿನ ದೋಣಿ, ಇಂಟರ್‌ಲಾಕ್ ಹಾಸಿ ಎತ್ತರಿಸಿದ ಅಂಗಳ. ಮೊಕ್ತೇಸರರ ಗುಡಿಯಲ್ಲಿ ಉತ್ತರದ ಗೋಡೆಯೊಂದನ್ನಷ್ಟೇ ಬಿಚ್ಚಿದ್ದೇವೆ. ಅದು ಈ ಬೇಸಿಗೆ ಪೂರ್ತಿ ಹಾಗೇ ಆರಲಿ ಎಂದು ಬಿಟ್ಟಿದ್ದೇವೆ, ದೀಪಾವಳಿ ಕಳೆದ ಮೇಲೆ ಸುಣ್ಣದ ಗಾರೆ ಹಚ್ಚುತ್ತೇವೆ.